ಮಣಿ ಕೂರಿಸಿದ ಮದುವೆ ಗೌನ್: ಕತ್ತರಿ ಹಾಕುವ ಮೊದಲು ಒಳಮೈ ನೋಡಿ

ಪ್ರಶ್ನೆ: ಮೇಡಂ, ನಾನು ಮನೆಯಲ್ಲೇ ಹೊಲಿಯುವವಳು. ಬ್ಲೌಸ್, ಫ್ರಾಕ್, ಸಾದಾ ಗೌನುಗಳ ಆಲ್ಟರೇಷನ್ ಚೆನ್ನಾಗಿ ರೂಢಿಯಾಗಿದೆ. ಪರಿಚಯದ ಹುಡುಗಿಯೊಬ್ಬಳು ತನ್ನ ಮದುವೆ ಗೌನ್ ತಂದುಕೊಟ್ಟಿದ್ದಾಳೆ. ನೆಟ್ ಬಟ್ಟೆಯ ಮೇಲೆ ಮೈತುಂಬ ಮಣಿ, ಚಮಕಿ. ಎದೆಯಿಂದ ಸೊಂಟದವರೆಗೆ ಸುತ್ತಳತೆಯಲ್ಲಿ 2 ಇಂಚು ಹಿಡಿಯಬೇಕು, ಉದ್ದ 3 ಇಂಚು ಕಡಿಮೆ ಮಾಡಬೇಕು. ಪಕ್ಕದ ಹೊಲಿಗೆ ಸ್ವಲ್ಪ ಬಿಚ್ಚಿ, ಅಡ್ಡ ಬಂದ ಒಂದು ದಾರ ಕತ್ತರಿಸಿದೆ. ನೋಡನೋಡುತ್ತಲೇ ಒಂದು ಸಾಲು ಮಣಿ ಉದುರಿಹೋಯಿತು. ಹೆದರಿ ಹಾಗೇ ಮಡಿಸಿಟ್ಟಿದ್ದೇನೆ. ಮಣಿಗಳ ಮೇಲೇ ಮಷಿನ್ ಓಡಿಸಬಹುದೇ? ಅಂಟು ಹಾಕಿದರೆ ನಿಲ್ಲುತ್ತದೆಯೇ? ಹುಡುಗಿ ಬೇರೆ ಇನ್ನೂ ಸಣ್ಣಗಾಗುತ್ತೇನೆ ಅನ್ನುತ್ತಿದ್ದಾಳೆ. ಮದುವೆಗೆ ಎರಡು ತಿಂಗಳಿದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನೀವು ಅಲ್ಲಿಗೇ ನಿಲ್ಲಿಸಿದ್ದು ಒಳ್ಳೆಯದಾಯಿತು. ಒಂದು ಸಾಲು ಹೋದರೆ ಮತ್ತೆ ಕೂರಿಸಬಹುದು, ಅದಕ್ಕೆ ಹೆದರಬೇಕಿಲ್ಲ. ಉದುರಿದ ಮಣಿಗಳನ್ನು ಒಂದು ಡಬ್ಬಿಯಲ್ಲಿ ಹಾಕಿಡಿ, ಒಂದನ್ನೂ ಬಿಸಾಡಬೇಡಿ. ದಾರದ ತುದಿ ಕಾಣುತ್ತಿದ್ದರೆ ಅದನ್ನು ಸೂಜಿಗೆ ಪೋಣಿಸಿ ಒಳಬದಿಗೆ ಎಳೆದು, ನೆಟ್‌ಗೆ ಎರಡು ಸಲ ಸುತ್ತಿ ಗಂಟು ಹಾಕಿ. ತುದಿ ಸಿಗದಷ್ಟು ಗಿಡ್ಡವಾಗಿದ್ದರೆ ಬೇರೆ ದಾರದಿಂದ ಕೊನೆಯ ಕೊಂಡಿಯನ್ನು ಹಿಡಿದು ಹೊಲಿದುಬಿಡಿ. ಆ ಸಾಲು ಮುಂದೆ ಬಿಚ್ಚುವುದಿಲ್ಲ.

ಆಮೇಲೆ ಗೌನನ್ನು ಒಳಹೊರಗು ಮಾಡಿ, ದೊಡ್ಡ ಮೇಜಿನ ಮೇಲೆ ಬೆಡ್‌ಶೀಟ್ ಹಾಸಿ ಹರಡಿ. ಇಂಥ ಗೌನಿನಲ್ಲಿ ಏನು ಮಾಡಬಹುದು, ಏನು ಮಾಡಬಾರದು ಅನ್ನುವುದು ಮೇಲಿನ ಮಣಿ ನೋಡಿದರೆ ತಿಳಿಯುವುದಿಲ್ಲ, ಕೆಳಗಿನ ದಾರ ನೋಡಿದರೆ ತಿಳಿಯುತ್ತದೆ. ಮಣಿ ಕೂರಿಸುವುದು ಮುಖ್ಯವಾಗಿ ಎರಡು ಬಗೆ. ಒಂದು, ಸಾದಾ ಸೂಜಿಯಲ್ಲಿ ಒಂದೊಂದೇ ಮಣಿ, ಇಲ್ಲವೇ ಎರಡು ಮೂರು ಮಣಿ ಪೋಣಿಸಿ ಬ್ಯಾಕ್ ಸ್ಟಿಚ್ ಹಾಕುತ್ತ ಹೋಗುವುದು. ಇದರಲ್ಲಿ ಒಂದು ಕಡೆ ದಾರ ತುಂಡಾದರೆ ಅಕ್ಕಪಕ್ಕದ ನಾಲ್ಕಾರು ಮಣಿ ಸಡಿಲವಾಗುತ್ತವೆ, ಅಷ್ಟೇ. ಇನ್ನೊಂದು ಆರಿ ಸೂಜಿಯ, ಅಂದರೆ ತುದಿಯಲ್ಲಿ ಕೊಕ್ಕೆಯಿರುವ ಸೂಜಿಯ ಸರಪಳಿ ಹೊಲಿಗೆ. ಯೂರೋಪಿನಲ್ಲಿ ಇದಕ್ಕೆ ಟ್ಯಾಂಬೂರ್ ಅನ್ನುತ್ತಾರೆ. ಫ್ರಾನ್ಸಿನ ಲುನೆವಿಲ್‌ನಲ್ಲಿ 19ನೇ ಶತಮಾನದಲ್ಲಿ ಬೆಳೆದ ಪದ್ಧತಿಯಲ್ಲಿ ಕೆಲಸಗಾರರು ಬಟ್ಟೆಯ ಒಳಮೈ ಮೇಲೆ ಮಾಡಿಕೊಂಡು ಕೂರುತ್ತಾರೆ. ಮಣಿಗಳನ್ನು ದಾರದಲ್ಲಿ ಮೊದಲೇ ಪೋಣಿಸಿಟ್ಟು, ಕೊಕ್ಕೆಯಿಂದ ಒಂದೊಂದೇ ಕೊಂಡಿ ಎಳೆಯುತ್ತ ಬಟ್ಟೆಯ ಅಡಿಯಲ್ಲಿ ಮಣಿ ಕೂರಿಸುತ್ತಾರೆ. ಕೆಲಸ ಬೇಗ ಸಾಗುತ್ತದೆ, ಅದಕ್ಕೇ ಮೈತುಂಬ ಮಣಿಯಿರುವ ಗೌನುಗಳಲ್ಲಿ ಹೆಚ್ಚಾಗಿ ಇದೇ ಇರುತ್ತದೆ. ಆದರೆ ಧಾನ್ಯದ ಮೂಟೆಯ ಬಾಯಿಹೊಲಿಗೆಯೂ ಸರಪಳಿಯೇ ಅಲ್ಲವೇ? ಸರಿಯಾದ ತುದಿ ಹಿಡಿದು ಎಳೆದರೆ ಇಡೀ ಬಾಯಿ ಸರ್ರನೆ ಬಿಚ್ಚಿಕೊಳ್ಳುತ್ತದೆ. ನಿಮ್ಮ ಗೌನಿನಲ್ಲಿ ಆದದ್ದೂ ಅದೇ.

ಇನ್ನೊಂದು ವಿಷಯವನ್ನೂ ಒಳಮೈಯಲ್ಲೇ ಗಮನಿಸಬೇಕು. ಕೆಲವು ಗೌನುಗಳಲ್ಲಿ ಮೊದಲು ತುಂಡು ಕತ್ತರಿಸಿ, ಆಯಾ ತುಂಡಿನ ಆಕಾರಕ್ಕೆ ತಕ್ಕಂತೆ ಮಣಿ ಕೂರಿಸಿ, ಆಮೇಲೆ ಜೋಡಿಸಿರುತ್ತಾರೆ. ಅಲ್ಲಿ ಮಣಿಸಾಲು ಹೊಲಿಗೆಗೆ ಮೊದಲೇ ಮುಗಿದು, ಅಲ್ಲೇ ಗಂಟು ಬಿದ್ದಿರುತ್ತದೆ. ಕೊನೆಯಲ್ಲಿ ಹೊಲಿಗೆಯ ಮೇಲೆ ಒಂದೆರಡು ಹೂವು ಬಳ್ಳಿ ಕೈಯಲ್ಲಿ ಕೂರಿಸಿ ಜೋಡಣೆಯನ್ನು ಮರೆಮಾಡಿರುತ್ತಾರೆ. ಇಂಥದ್ದು ಸಿಕ್ಕರೆ ನಿಮ್ಮ ಅರ್ಧ ಕೆಲಸ ಹಗುರ. ಇನ್ನು ಕೆಲವು ಗೌನುಗಳನ್ನು ಥಾನಿನಲ್ಲಿ ಬರುವ, ಮೊದಲೇ ಮಣಿ ಹಾಕಿದ ನೆಟ್‌ನಿಂದ ಕತ್ತರಿಸಿ ಹೊಲಿದಿರುತ್ತಾರೆ. ಅಲ್ಲಿ ಕತ್ತರಿ ಮಣಿಸಾಲುಗಳ ನಡುವೆಯೇ ಹಾದುಹೋಗಿರುತ್ತದೆ. ತುಂಡಾದ ದಾರಗಳಿಗೆ ಗಂಟು ಗಿಂಟು ಏನೂ ಇರುವುದಿಲ್ಲ, ಅವುಗಳನ್ನು ಹಿಡಿದಿಟ್ಟಿರುವುದು ಆ ಪಕ್ಕದ ಹೊಲಿಗೆಯೊಂದೇ. ಹೊಲಿಗೆ ಬಿಚ್ಚಿದರೆ ಎಲ್ಲ ಸಾಲಿನ ಬಾಯಿಯೂ ಒಟ್ಟಿಗೆ ತೆರೆದುಕೊಳ್ಳುತ್ತದೆ. ನೀವು ಹೇಳಿದ್ದನ್ನು ಓದಿದರೆ ನಿಮ್ಮದು ಈ ಎರಡನೆಯ ಜಾತಿ ಅನ್ನಿಸುತ್ತದೆ. ಹಾಗಾಗಿ ಉಳಿದ ಪಕ್ಕದ ಹೊಲಿಗೆಯನ್ನು ಸದ್ಯಕ್ಕೆ ಮುಟ್ಟಬೇಡಿ. ಬಿಚ್ಚಿದಷ್ಟನ್ನು ಕೈಯಲ್ಲೇ ಮೊದಲಿದ್ದ ಗೆರೆಯ ಮೇಲೆ ಹೊಲಿದು ಮುಚ್ಚಿ. ಬಿಗಿ ಮಾಡುವ ಕೆಲಸಕ್ಕೆ ಹಳೆಯ ಹೊಲಿಗೆ ಬಿಚ್ಚುವ ಅಗತ್ಯವೇ ಇಲ್ಲ. ಹೊಸ ಹೊಲಿಗೆ ಅದರ ಒಳಗಡೆ ಬೀಳುತ್ತದೆ. ಅದು ಗಟ್ಟಿಯಾಗಿ ಕೂತ ಮೇಲಷ್ಟೇ ಹಳೆಯದನ್ನು ಬಿಚ್ಚಿದರಾಯಿತು.

ಈಗ ಲೆಕ್ಕ. ಒಟ್ಟು 2 ಇಂಚು ಅಂದರೆ ಎಡಕ್ಕೆ 1, ಬಲಕ್ಕೆ 1. ಪ್ರತಿ ಪಕ್ಕದಲ್ಲಿ ಮುಂದಿನ ತುಂಡಿನಿಂದ ಅರ್ಧ, ಹಿಂದಿನ ತುಂಡಿನಿಂದ ಅರ್ಧ. ಇಷ್ಟಕ್ಕೆ ಎರಡು ಪಕ್ಕದ ಹೊಲಿಗೆಗಳೇ ಸಾಕು. ಬ್ಲೌಸಿನಲ್ಲಿ ಮಾಡುವಂತೆ ಪ್ರಿನ್ಸೆಸ್ ಕಟ್‌ನಲ್ಲೂ ಸ್ವಲ್ಪ ಸ್ವಲ್ಪ ಹಿಡಿದು ಹಂಚೋಣ ಅನ್ನಿಸಬಹುದು, ಆ ಆಸೆ ಬಿಡಿ. ಮಣಿ ಗೌನಿನಲ್ಲಿ ಕೈ ಹಾಕಿದ ಪ್ರತಿ ಹೊಲಿಗೆಗೂ ಮಣಿ ಬಿಡಿಸಿ ಮತ್ತೆ ಕೂರಿಸುವ ಕೆಲಸ ಹೊಸದಾಗಿ ಹುಟ್ಟುತ್ತದೆ. ಅದೂ ಅಲ್ಲದೆ ಪ್ರಿನ್ಸೆಸ್ ಕಟ್ ಎದೆಯ ಮೇಲೇ ಹಾದುಹೋಗುವುದರಿಂದ ಅಲ್ಲಿ ಒಂದು ಹೂವು ಅರ್ಧ ಕಾಣೆಯಾದರೂ ಎಲ್ಲರಿಗೂ ಕಾಣುತ್ತದೆ. ತೋಳಿನ ಕೆಳಗಿನ ಜೋಡಣೆಯನ್ನು ಯಾರೂ ನೋಡುವುದಿಲ್ಲ. ಒಟ್ಟು 3 ಇಂಚು ದಾಟಿದರೆ ಮಾತ್ರ ಬೇರೆ ಹೊಲಿಗೆಗಳ ಯೋಚನೆ ಮಾಡಬೇಕು, ಇಲ್ಲದಿದ್ದರೆ ಕಂಕುಳಿನ ಸುತ್ತು ಹಿಂದಕ್ಕೆ ಜಗ್ಗುತ್ತದೆ. ಹಿಂಬದಿಯ ಜಿಪ್ಪಿನಲ್ಲೇ ಪೂರ್ತಿ 2 ಇಂಚು ಹಿಡಿಯುವುದನ್ನಂತೂ ನಾನು ಒಪ್ಪುವುದಿಲ್ಲ. ಬೆನ್ನಿನ ವಿನ್ಯಾಸ ಕೆಡುತ್ತದೆ, ಪಕ್ಕದ ಹೊಲಿಗೆಗಳು ಬೆನ್ನಿನ ಕಡೆಗೆ ಸರಿಯುತ್ತವೆ.

ಅಳತೆ ನೋಡುವಾಗ ಹುಡುಗಿ ಮದುವೆಯ ದಿನ ಹಾಕುವ ಒಳ ಉಡುಪು, ಅದೇ ಎತ್ತರದ ಚಪ್ಪಲಿ ಹಾಕಿರಲೇಬೇಕು. ಗೌನನ್ನು ಸರಿಬದಿಯಲ್ಲೇ ತೊಡಿಸಿ, ಭುಜದಿಂದ ಕೆಳಕ್ಕೆ ಇಳಿಯುತ್ತ ಬನ್ನಿ. ಭುಜ ಸರಿಯಾಗದೆ ಎದೆ ನೋಡಬೇಡಿ, ಎದೆ ಸೊಂಟ ಸರಿಯಾಗದೆ ಅಂಚಿಗೆ ಕೈ ಹಾಕಬೇಡಿ. ಸ್ಟ್ರಾಪ್ ಅರ್ಧ ಇಂಚು ಎತ್ತಿದರೆ ಕೆಳಗಿನ ಅಂಚೂ ಅರ್ಧ ಇಂಚು ಏರುತ್ತದೆ, ಕೆಲವೊಮ್ಮೆ ಎದೆಯ ಹತ್ತಿರ ಕಂಡ ಸಡಿಲವೇ ಮಾಯವಾಗುತ್ತದೆ. ಮಣಿಗಳ ನಡುವೆ ಗುಂಡುಸೂಜಿ ಜಾರುವುದರಿಂದ ಬಣ್ಣದ ದಾರದಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಗುರುತು ಮಾಡಿಕೊಳ್ಳಿ. ಕುಳಿತು, ಕೈ ಎತ್ತಿ, ಆಳವಾಗಿ ಉಸಿರೆಳೆದು ತೋರಿಸಲು ಹೇಳಿ. ಮಣಿ ಹಾಕಿದ ನೆಟ್ ಹಿಗ್ಗುವುದಿಲ್ಲ. ನಿಂತಾಗ ಚೆಂದ ಕಂಡದ್ದು ಕೂತಾಗ ದಾರ ಕಡಿದುಕೊಳ್ಳಬಹುದು.

ಮುಂದೆ ಲೈನಿಂಗ್. ಮೇಲಿನ ನೆಟ್ಟಿನ ಒಳಬದಿ ಸಿಗಬೇಕಾದರೆ ಲೈನಿಂಗನ್ನು ಬೇರೆ ಮಾಡಿಕೊಳ್ಳಬೇಕು. ಸ್ಕರ್ಟ್ ಭಾಗದಲ್ಲಿ ಅದು ಸಾಮಾನ್ಯವಾಗಿ ಬಿಡಿಯಾಗಿ ತೂಗುತ್ತಿರುತ್ತದೆ, ಕೆಳಗಿನಿಂದ ಕೈ ಹೋಗುತ್ತದೆ. ಮೇಲ್ಭಾಗದಲ್ಲಿ ಕಂಕುಳಿನ ಕೆಳಗೆ ಮೂರ್ನಾಲ್ಕು ಇಂಚು ಅಂಚು ಬಿಚ್ಚಿಕೊಂಡರೆ ಸಾಕು. ಪಕ್ಕದ ಹೊಲಿಗೆಯ ಮೇಲೆ ಬೋನಿಂಗ್, ಅಂದರೆ ಆಕಾರ ನಿಲ್ಲಿಸುವ ಗಟ್ಟಿ ಕಡ್ಡಿ ಇದ್ದರೆ ಅದನ್ನು ಪಟ್ಟಿಯ ಸಮೇತ ಬಿಡಿಸಿ ಬದಿಗಿಡಿ, ಹೊಸ ಗೆರೆಗೆ ಮತ್ತೆ ಕೂರಿಸಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಲೈನಿಂಗನ್ನು ಮೇಲಿನ ನೆಟ್ಟಿಗಿಂತ ಒಂದು ದಾರದಷ್ಟು ಹೆಚ್ಚು ಬಿಗಿಯಾಗಿ ಹಿಡಿಯಿರಿ, ಪ್ರತಿ ಪಕ್ಕದಲ್ಲಿ ಇಂಚಿನ ಎಂಟನೆಯ ಒಂದು ಭಾಗ ಸಾಕು. ಮೈಯ ಒತ್ತಡವನ್ನೆಲ್ಲ ಲೈನಿಂಗ್ ಹೊರಬೇಕು, ಮಣಿಯ ನೆಟ್ ಅದರ ಮೇಲೆ ನೆಮ್ಮದಿಯಾಗಿ ಕೂತಿರಬೇಕು. ಸಾಕಷ್ಟು ಗೌನುಗಳಲ್ಲಿ ಹೊಲಿಗೆಯ ಪಕ್ಕದ ಮಣಿ ಉದುರುವುದು ಇದು ತಿರುವುಮುರುವು ಆಗಿರುವುದರಿಂದ. ಗೌನ್ ತುಂಬ ಭಾರವಿದ್ದರೆ ಸೊಂಟದ ಒಳಗೆ ಗಟ್ಟಿ ಗ್ರಾಸ್‌ಗ್ರೇನ್ ಟೇಪಿನ ಒಂದು ಬೆಲ್ಟ್ ಕೊಟ್ಟು ಹುಕ್ ಹಾಕಿ. ಸ್ಕರ್ಟಿನ ಭಾರ ಭುಜದಿಂದ ಇಳಿದು ಸೊಂಟಕ್ಕೆ ಬರುತ್ತದೆ.

ಇನ್ನು ಮಣಿ ಬಿಡಿಸುವ ಕೆಲಸ. ಸಮಯ ಹಿಡಿಯುವುದು ಇದೇ, ತಾಳ್ಮೆ ಬೇಕಾದದ್ದೂ ಇಲ್ಲೇ.

ಒಳಮೈಯಲ್ಲಿ ಹಳೆಯ ಹೊಲಿಗೆಯಿಂದ ಅರ್ಧ ಇಂಚು ಒಳಗೆ ಹೊಸ ಹೊಲಿಗೆಯ ಗೆರೆ ಹಾಕಿ, ಅದರಿಂದ ಇನ್ನೂ ಕಾಲು ಇಂಚು ಒಳಗೆ ಇನ್ನೊಂದು ಗೆರೆ. ಈ ಎರಡನೆಯದನ್ನು ತಡೆಗೆರೆ ಅನ್ನೋಣ. ಎರಡೂ ಕಚ್ಚಾ ಹೊಲಿಗೆಯಲ್ಲೇ ಇರಲಿ, ಬೇರೆ ಬೇರೆ ಬಣ್ಣದಲ್ಲಿ. ಚಾಕ್ ನೆಟ್ಟಿನ ಮೇಲೆ ನಿಲ್ಲುವುದಿಲ್ಲ, ಪೆನ್ನಿನ ಗುರುತು ಹೋಗುವುದಿಲ್ಲ. ಹಳೆಯ ಹೊಲಿಗೆಯಿಂದ ತಡೆಗೆರೆಯವರೆಗಿನ ಮುಕ್ಕಾಲು ಇಂಚಿನ ಪಟ್ಟಿಯಲ್ಲಿ ಮಣಿ ಇರಕೂಡದು. ಹೊಸ ಗೆರೆಯಿಂದಾಚೆಗಿನ ಅರ್ಧ ಇಂಚು ಮಾರ್ಜಿನ್ ಆಗಿ ಒಳಗೆ ಹೋಗುತ್ತದೆ. ಅಲ್ಲಿ ಮಣಿ ಉಳಿದರೆ ಮೈ ಗೀರುತ್ತದೆ, ಹೊಲಿಗೆ ಉಬ್ಬುತ್ತದೆ. ಉಳಿದ ಕಾಲು ಇಂಚು ಮಷಿನ್ನಿನ ಪಾದ ಓಡಾಡಲು ಜಾಗ, ಅಲ್ಲಿ ಆಮೇಲೆ ಮಣಿ ಮತ್ತೆ ಬರುತ್ತದೆ. ಮುಂದಿನ ತುಂಡು, ಹಿಂದಿನ ತುಂಡು, ಎರಡರಲ್ಲೂ ಇದೇ ಗುರುತು. ಸೊಂಟದಿಂದ ಮೂರ್ನಾಲ್ಕು ಇಂಚು ಕೆಳಗೆ ಬರುವಷ್ಟರಲ್ಲಿ ಹೊಸ ಗೆರೆ ಹಳೆಯದಕ್ಕೆ ಓರೆಯಾಗಿ ಸೇರಿಕೊಳ್ಳಲಿ, ಥಟ್ಟನೆ ಸೇರಿಸಿದರೆ ಸೊಂಟದ ಕೆಳಗೆ ಮೂಲೆ ಏಳುತ್ತದೆ.

ಮೊದಲು ಕಟ್ಟು, ಆಮೇಲೆ ಬಿಡಿಸು. ಈ ಕ್ರಮ ಯಾವ ಕಾರಣಕ್ಕೂ ತಪ್ಪಬಾರದು. ತಡೆಗೆರೆಯ ಉದ್ದಕ್ಕೂ, ಅದನ್ನು ದಾಟುವ ಪ್ರತಿ ಮಣಿಸಾಲಿನ ಸರಪಳಿಯನ್ನೂ ಹಿಡಿದು ಒಳಬದಿಯಿಂದ ಸಣ್ಣ ಬ್ಯಾಕ್ ಸ್ಟಿಚ್ ಹಾಕಿಕೊಂಡು ಹೋಗಿ. ಗೌನಿನ ಬಣ್ಣದ್ದೇ ತೆಳು ಪಾಲಿಯೆಸ್ಟರ್ ದಾರ ಸಾಕು. ಸೂಜಿ ಬರೀ ನೆಟ್ಟನ್ನಲ್ಲ, ಕೊಂಡಿಯ ದಾರವನ್ನೇ ಚುಚ್ಚಿ ಹಿಡಿಯಬೇಕು. ಸರಪಳಿ ಒಂದು ಕಡೆಯಿಂದ ಸಲೀಸಾಗಿ ಬಿಚ್ಚುತ್ತದೆ, ಇನ್ನೊಂದು ಕಡೆಯಿಂದ ಅಷ್ಟು ಸುಲಭಕ್ಕೆ ಬಿಚ್ಚುವುದಿಲ್ಲ. ಯಾವ ಕಡೆ ಯಾವುದು ಎಂದು ಹುಡುಕುತ್ತ ಕೂರುವ ಬದಲು ಎಲ್ಲವನ್ನೂ ಕಟ್ಟಿಬಿಡಿ.

ಕಟ್ಟಿದ ಮೇಲೆ ಹೊರಮೈಗೆ ಬನ್ನಿ. ಒಂದು ಸಾಲು ತೆಗೆದುಕೊಳ್ಳಿ. ತಡೆಗೆರೆಯ ಪಕ್ಕದ, ಪಟ್ಟಿಯ ಒಳಗಿನ ಎರಡು ಮೂರು ಮಣಿಗಳನ್ನು ಮಾತ್ರ ಸಣ್ಣ ಚೂಪುಬಾಯಿಯ ಇಕ್ಕಳದಿಂದ ಒತ್ತಿ ಒಡೆಯಿರಿ. ಇಕ್ಕಳದ ತುದಿ ಮಣಿಯನ್ನಷ್ಟೇ ಹಿಡಿಯಲಿ, ದಾರಕ್ಕೆ ತಗಲುವುದು ಬೇಡ. ಮೇಲೊಂದು ತೆಳು ಬಟ್ಟೆ ಮುಚ್ಚಿಕೊಳ್ಳಿ, ಕನ್ನಡಕ ಹಾಕಿಕೊಳ್ಳದೆ ಈ ಕೆಲಸಕ್ಕೆ ಕೂರಲೇಬೇಡಿ. ಗಾಜಿನ ಚೂರು ಎಲ್ಲಿಗೆ ಹಾರುತ್ತದೆ ಎಂದು ಹೇಳಲಾಗದು. ಒಡೆದ ಮಣಿ ಉದುರಿದಾಗ ಅಲ್ಲಿ ದಾರ ಬರಿದಾಗಿ, ಒಂದಿಷ್ಟು ಸಡಿಲವಾಗಿ ಕಾಣುತ್ತದೆ. ಆ ಬರಿದಾರಕ್ಕಾಗಿಯೇ ಈ ಮೂರು ಮಣಿಗಳನ್ನು ಬಲಿಕೊಟ್ಟದ್ದು. ಈಗ ಸಾಲಿನ ಹೊರತುದಿಯ ಹತ್ತಿರ, ಅಂದರೆ ಹಳೆಯ ಹೊಲಿಗೆಯ ಪಕ್ಕದಲ್ಲಿ, ದಾರ ಕತ್ತರಿಸಿ. ಉಳಿದ ಮಣಿಗಳನ್ನು ಒಂದೊಂದಾಗಿ ಜಾರಿಸಿ ಡಬ್ಬಿಗೆ ಹಾಕಿ. ಮಿಕ್ಕ ದಾರದ ಬಾಲವನ್ನು ಸೂಜಿಗೆ ಪೋಣಿಸಿ, ಒಳಬದಿಗೆ ಎಳೆದು, ತಡೆಗೆರೆಯ ಹೊಲಿಗೆಗೆ ಸುತ್ತಿ ಎರಡು ಗಂಟು. ದಾರ ಮೀನುಗಾಳದ ತಂತಿಯಂತೆ ಪಾರದರ್ಶಕವಾಗಿದ್ದರೆ ಗಂಟು ಜಾರುತ್ತದೆ, ಅಲ್ಲಿ ಮೂರು ಗಂಟು ಹಾಕಿ ಬಾಲವನ್ನು ಅರ್ಧ ಇಂಚು ಉದ್ದ ಬಿಡಿ.

ಮಣಿ ಸಾಲದೆ ಹೋದರೆ ಎಂಬ ಚಿಂತೆ ಬೇಡ. ಗೌನುಗಳಲ್ಲಿ ಸಾಮಾನ್ಯವಾಗಿ ಕಾಣುವ 11ನೇ ನಂಬರಿನ ಗಾಜಿನ ಮಣಿ ಸುಮಾರು 2 ಮಿಲಿಮೀಟರ್ ಅಗಲ, ಸಾಲಾಗಿ ಪೋಣಿಸಿದರೆ ಇಂಚಿಗೆ ಹೆಚ್ಚುಕಡಿಮೆ 18 ಕೂರುತ್ತವೆ. ಮುಕ್ಕಾಲು ಇಂಚಿನಲ್ಲಿ ಹದಿಮೂರು ಸಿಕ್ಕರೆ, ಮೂರು ಒಡೆದು ಹತ್ತು ಉಳಿಯುತ್ತವೆ. ಮತ್ತೆ ತುಂಬಬೇಕಾದ ಕಾಲು ಇಂಚಿಗೆ ಬೇಕಾದದ್ದು ನಾಲ್ಕೈದು. ಅದೇ ಗೌನಿನ ಮಣಿಯಷ್ಟು ಚೆನ್ನಾಗಿ ಹೊಂದುವ ಮಣಿ ಅಂಗಡಿಯಲ್ಲಿ ಸಿಗುವುದಿಲ್ಲ. ಒಂದೇ ನಂಬರು, ಒಂದೇ ಬಣ್ಣ ಎಂದು ಕೊಟ್ಟರೂ ಬೇರೆ ಲಾಟಿನದ್ದಾದರೆ ಬೆಳಕಿನಲ್ಲಿ ಬೇರೆಯಾಗೇ ಹೊಳೆಯುತ್ತದೆ.

ಎಲ್ಲ ಮಣಿಗೂ ಇಕ್ಕಳ ನಡೆಯುವುದಿಲ್ಲ. ಪ್ಲಾಸ್ಟಿಕ್ ಮುತ್ತು ಒಡೆಯುವ ಬದಲು ಚಪ್ಪಟೆಯಾಗಿ ದಾರವನ್ನೇ ಕಚ್ಚಿಕೊಳ್ಳುತ್ತದೆ, ಅದನ್ನು ಸಣ್ಣ ಕಟರ್‌ನಿಂದ ಸೀಳಬೇಕು. ಚಮಕಿಗೆ ಸುಲಭದ ಉಪಾಯವಿದೆ. ಅಂಚಿನಿಂದ ನಡುವಿನ ತೂತಿನವರೆಗೆ ಚೂಪು ಕತ್ತರಿಯಲ್ಲಿ ಒಂದು ಸೀಳು ಕೊಟ್ಟರೆ ದಾರಕ್ಕೆ ಏನೂ ಆಗದೆ ಚಮಕಿ ಹೊರಗೆ ಬರುತ್ತದೆ. ಉದ್ದನೆಯ ಕೊಳವೆ ಮಣಿಗಳ ಬಾಯಿ ಗಾಜಿನ ಅಲಗಿನಂತೆ ಚೂಪಾಗಿರುವುದರಿಂದ ಅವು ತಮ್ಮ ದಾರವನ್ನು ತಾವೇ ಕೊಯ್ದುಕೊಳ್ಳುತ್ತವೆ. ಮತ್ತೆ ಕೂರಿಸುವಾಗ ಪ್ರತಿ ಕೊಳವೆಯ ಎರಡು ತುದಿಗೂ ಒಂದೊಂದು ಪುಟ್ಟ ದುಂಡು ಮಣಿ ಕೊಡಿ, ದಾರ ಉಳಿಯುತ್ತದೆ. ಲೋಹದ ಹಲ್ಲಿನಲ್ಲಿ ಕೂರಿಸಿದ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿ ಎತ್ತಿಟ್ಟುಕೊಳ್ಳಬಹುದು. ಬಿಸಿಗೆ ಅಂಟಿಸಿದ ಕಲ್ಲುಗಳನ್ನು ಕಿತ್ತರೆ ನೆಟ್ಟಿನ ಮೇಲೆ ಅಂಟಿನ ಕಲೆ ಉಳಿಯುತ್ತದೆ, ಹೊಲಿಗೆಯ ಗೆರೆಗೆ ನೇರವಾಗಿ ಅಡ್ಡ ಬಂದವನ್ನಷ್ಟೇ ತೆಗೆಯಿರಿ. ಲೇಸಿನ ಹೂವುಗಳ ಮೇಲೆ ಮಣಿ ಇದ್ದು ಆ ಹೂವು ಹೊಲಿಗೆಯ ಮೇಲೆ ಹಾದುಹೋಗಿದ್ದರೆ ಒಂದು ಮಣಿಯನ್ನೂ ಮುಟ್ಟಬೇಡಿ. ಹೂವಿನ ಅಂಚಿನ ಹೊಲಿಗೆಯನ್ನು ಸುತ್ತ ಬಿಚ್ಚಿ, ರೆಕ್ಕೆಯಂತೆ ಎತ್ತಿ ಹಿಡಿದು, ಅಡಿಯಲ್ಲಿ ಹೊಲಿಗೆ ಮುಗಿಸಿ, ಮತ್ತೆ ಮೇಲೆ ಮಲಗಿಸಿ ಕೈಯಲ್ಲಿ ಹೊಲಿಯಿರಿ. ಜೋಡಣೆಯ ಸುಳಿವೇ ಸಿಗುವುದಿಲ್ಲ.

ಪಟ್ಟಿ ಖಾಲಿಯಾದ ಮೇಲೆ ಮಷಿನ್. ನಿಮ್ಮ ಪ್ರಶ್ನೆಗೆ ನೇರ ಉತ್ತರ: ಮಣಿಗಳ ಮೇಲೆ ಮಷಿನ್ ಓಡಿಸಲೇಬಾರದು. ಸೂಜಿ ಮುರಿದು ಕಣ್ಣಿಗೆ ಹಾರಬಹುದು, ಒಡೆದ ಮಣಿ ಹೊಲಿಗೆಯೊಳಗೇ ಉಳಿದು ಆ ಚೂರು ದಾರವನ್ನು ದಿನದಿನಕ್ಕೆ ಕೊಯ್ಯುತ್ತದೆ. ಜಿಪ್ ಫೂಟ್ ಹಾಕಿ, 70ನೇ ನಂಬರಿನ ಹೊಸ ಸೂಜಿ ಹಾಕಿ, ಟಾಕಾ 2ರಿಂದ 2.5 ಮಿಲಿಮೀಟರ್ ಇಟ್ಟು ನಿಧಾನ ಹೊಲಿಯಿರಿ. ಮಣಿ ತೀರಾ ಹತ್ತಿರ ಬಂದ ಕಡೆ ಮೋಟಾರು ಬಿಟ್ಟು ಚಕ್ರವನ್ನು ಕೈಯಲ್ಲೇ ತಿರುಗಿಸಿ. ನೆಟ್ ಮಷಿನ್ನಿನ ಹಲ್ಲಿಗೆ ಸಿಕ್ಕಿಕೊಳ್ಳುತ್ತಿದ್ದರೆ ಅಡಿಗೆ ಟಿಶ್ಯೂ ಕಾಗದ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯಿರಿ. ಒಂದೆರಡು ಇಂಚು ಎಷ್ಟೇ ಮಾಡಿದರೂ ಮಷಿನ್ನಿಗೆ ಒಗ್ಗದಿದ್ದರೆ ಕೈಯಲ್ಲೇ ಒತ್ತೊತ್ತಾಗಿ ಬ್ಯಾಕ್ ಸ್ಟಿಚ್ ಹಾಕಿ, ಗಟ್ಟಿತನದಲ್ಲಿ ಅದು ಯಾವುದಕ್ಕೂ ಕಡಿಮೆಯಿಲ್ಲ.

ಆದರೆ ಇದೆಲ್ಲವನ್ನೂ ಈಗಲೇ ಮಾಡಲು ಹೋಗಬೇಡಿ. ಹುಡುಗಿ ಇನ್ನೂ ಸಣ್ಣಗಾಗುತ್ತೇನೆ ಅಂದಿದ್ದಾಳಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1981ರಲ್ಲಿ ಬ್ರಿಟನ್ನಿನ ರಾಜಕುಮಾರಿ ಡಯಾನಾ ಅವರ ಮದುವೆಗೆ 10,000 ಮುತ್ತುಗಳನ್ನು ಕೂರಿಸಿದ, 25 ಅಡಿ ಟ್ರೇಲಿನ (ಹಿಂದೆ ನೆಲದ ಮೇಲೆ ಎಳೆದುಕೊಂಡು ಬರುವ ಭಾಗದ) ಗೌನ್ ಹೊಲಿದ ಇಮ್ಯಾನುಯೆಲ್ ದಂಪತಿ, ವಧುವಿನ ಸೊಂಟ ಮದುವೆ ಹತ್ತಿರವಾದಂತೆ ಇಳಿಯುತ್ತಲೇ ಹೋದದ್ದರಿಂದ ಮತ್ತೆ ಮತ್ತೆ ಹಿಡಿಯಬೇಕಾಯಿತು. ಅರಮನೆಯ ಮದುವೆಯಲ್ಲೇ ಹಾಗಾದರೆ ನಿಮ್ಮಲ್ಲಿ ಆಗದೇ ಇರುತ್ತದೆಯೇ? ಹಾಗಾಗಿ ಈಗ ಗುರುತು ಮಾಡುವುದು, ಲೈನಿಂಗ್ ಬಿಡಿಸುವುದು, ಉದುರಿದ ಸಾಲು ಭದ್ರ ಮಾಡುವುದು ಇಷ್ಟನ್ನೇ ಮುಗಿಸಿ. ಮದುವೆಗೆ ನಾಲ್ಕೈದು ವಾರ ಇದೆ ಅನ್ನುವಾಗ ಮತ್ತೆ ತೊಡಿಸಿ ನೋಡಿ ಮಣಿ ಬಿಡಿಸಿ ಹೊಲಿಯಿರಿ. ಕೊನೆಯ ಫಿಟ್ಟಿಂಗ್ ಎರಡು ಮೂರು ವಾರ ಮುಂಚೆ ಆಗಲಿ, ಅದು ಸರಿ ಅನ್ನಿಸಿದ ಮೇಲಷ್ಟೇ ಖಾಲಿ ಪಟ್ಟಿಗೆ ಮಣಿ ತುಂಬಿ. ತುಂಬಿದ ಮೇಲೆ ಮತ್ತರ್ಧ ಇಂಚು ಹಿಡಿಯಬೇಕಾಗಿ ಬಂದರೆ ಇಡೀ ಕೆಲಸ ಮೊದಲಿನಿಂದ ಶುರುವಾಗುತ್ತದೆ. ಆ ದಿನದಿಂದಾಚೆಗೆ ಮೈ ಇಳಿಸುವುದು ಬೇಡ ಎಂದು ಹುಡುಗಿಗೆ ಮುಲಾಜಿಲ್ಲದೆ ಹೇಳಿಬಿಡಿ. ಅಂಚಿನ ಮಾರ್ಜಿನ್ನನ್ನೂ ಅಲ್ಲಿಯವರೆಗೆ ಕತ್ತರಿಸಬೇಡಿ.

ತುಂಬುವಾಗ 10 ಅಥವಾ 12ನೇ ನಂಬರಿನ ಮಣಿಸೂಜಿ ಬೇಕು, ನಂಬರು ಹೆಚ್ಚಾದಷ್ಟೂ ಸೂಜಿ ತೆಳು. ನೈಲಾನ್ ಅಥವಾ ಪಾಲಿಯೆಸ್ಟರ್ ಮಣಿದಾರವನ್ನು ಜೋಡಿ ಮಾಡಿ, ಜೇನುಮೇಣದ ಮೇಲೆ ಎಳೆದುಕೊಂಡರೆ ಸಿಕ್ಕಾಗುವುದಿಲ್ಲ. ತುಂಬ ಉದ್ದದ ದಾರ ಬೇಡ, ಮೊಳದಷ್ಟು ಸಾಕು. ಎರಡು ಮಣಿ ಮುಂದೆ, ಒಂದು ಮಣಿಯೊಳಗೆ ವಾಪಸ್, ಹೀಗೆ ಬ್ಯಾಕ್ ಸ್ಟಿಚ್ಚಿನಲ್ಲಿ ಕೂರಿಸಿ, ಪ್ರತಿ ಇಂಚಿಗೊಮ್ಮೆ ಒಳಬದಿಯಲ್ಲಿ ಗಂಟು ಹಾಕಿ. ಮುಂದಿನ ತುಂಡಿನ ಬಳ್ಳಿಯೂ ಹಿಂದಿನ ತುಂಡಿನ ಬಳ್ಳಿಯೂ ಈಗ ಎದುರುಬದುರು ಸೇರುವುದಿಲ್ಲ, ಏಕೆಂದರೆ ನಡುವೆ ಒಂದು ಇಂಚು ಮಾಯವಾಗಿದೆ. ಎರಡನ್ನೂ ಬಲವಂತವಾಗಿ ಜೋಡಿಸಲು ಹೋಗದೆ, ಒಂದನ್ನು ಹೊಲಿಗೆಯ ಮೇಲೆ ಹಾಯಿಸಿ ಬಾಗಿಸಿ ಇನ್ನೊಂದರ ಎಲೆಯೊಳಗೆ ಮುಗಿಸಿ. ಹೊಲಿಗೆಯ ನೇರ ಗೆರೆಯ ಮೇಲೆ ಅಲ್ಲಲ್ಲಿ ಒಂದೆರಡು ಬಿಡಿ ಮಣಿ ಚೆಲ್ಲಿದಂತೆ ಕೂರಿಸಿದರೆ ಕಣ್ಣು ಆ ಗೆರೆಯನ್ನು ಹಿಡಿಯುವುದಿಲ್ಲ. ಈ ಹಂತದ ಸೊಗಸು ನನಗೆ ಇಡೀ ಕೆಲಸದಲ್ಲೇ ಅತಿ ಇಷ್ಟ. ಇಲ್ಲಿ ನೀವು ರಿಪೇರಿ ಮಾಡುವವರಾಗಿರುವುದಿಲ್ಲ, ವಿನ್ಯಾಸವನ್ನು ಮುಂದುವರಿಸುವವರಾಗಿರುತ್ತೀರಿ.

ಅಂಟಿನ ಬಗ್ಗೆ ಕೇಳಿದ್ದೀರಿ. ಗಂಟಿನ ಮೇಲೆ ಸೂಜಿತುದಿಯಷ್ಟು ಬಟ್ಟೆಯ ಅಂಟು ತಗಲಿಸುವುದಕ್ಕೆ ನನ್ನ ಆಕ್ಷೇಪವಿಲ್ಲ. ಗಂಟಿನ ಬದಲು ಅಂಟು ಹಾಕುವುದು ಬೇಡ. ನೆಟ್ ಸೆಟೆದುಕೊಳ್ಳುತ್ತದೆ, ಹೊರಗೆ ಕಲೆಯಾಗಿ ಹೊಳೆಯುತ್ತದೆ, ಡ್ರೈ ಕ್ಲೀನಿಂಗಿನ ದ್ರಾವಣಕ್ಕೆ ಮೆತ್ತಗಾಗಿ ಬಿಟ್ಟುಕೊಳ್ಳಬಹುದು.

ಇನ್ನು 3 ಇಂಚು ಉದ್ದ. ಗೌನನ್ನು ಚಪ್ಪಲಿಯ ಸಮೇತ ತೊಡಿಸಿ, ಸ್ಕೇಲನ್ನು ನೆಲದ ಮೇಲೆ ನಿಲ್ಲಿಸಿ ಸುತ್ತಲೂ ಗುರುತು ಮಾಡಿ. ಸೊಂಟದಿಂದ ಕೆಳಕ್ಕೆ ಅಳೆದರೆ ಮಣಿಯ ಭಾರಕ್ಕೆ ಎಲ್ಲಿ ಎಷ್ಟು ಜೋತಿದೆ ಎಂದು ತಿಳಿಯುವುದಿಲ್ಲ. ಮುಂದೆ ನೆಲದಿಂದ ಅರ್ಧ, ಮುಕ್ಕಾಲು ಇಂಚು ಮೇಲಿದ್ದರೆ ನಡೆಯಲು ಸರಿ. ಒಳಗಿನ ಪದರಗಳು ಹೊರಗಿನದಕ್ಕಿಂತ ಅರ್ಧ ಇಂಚು ಗಿಡ್ಡವಿರಲಿ. ಅಂಚಿನಲ್ಲಿ ಬರೀ ಚೆದುರಿದ ಮಣಿಗಳಿದ್ದರೆ ಕೆಲಸ ಸುಲಭ. ಕತ್ತರಿಸುವ ಗೆರೆಗಿಂತ ಸ್ವಲ್ಪ ಮೇಲ್ಗಡೆ, ಪಕ್ಕದ ಹೊಲಿಗೆಯಲ್ಲಿ ಮಾಡಿದಂತೆಯೇ ತಡೆಗೆರೆ ಹಾಕಿ, ದಾಟುವ ಸಾಲುಗಳನ್ನು ಕಟ್ಟಿ, ಉದ್ದನೆಯ ಕತ್ತರಿಯಲ್ಲಿ ಒಂದೇ ಸಮನೆ ಕತ್ತರಿಸಿ. ನೆಟ್ ಎಳೆ ಬಿಡುವುದಿಲ್ಲವಾದ್ದರಿಂದ ಅಂಚು ಮಡಿಸಬೇಕಿಲ್ಲ.

ಅಂಚಿನಲ್ಲಿ ಲೇಸಿನ ಬಾರ್ಡರ್ ಇದ್ದರೆ ಅದನ್ನು ಹೂವಿನ ಮೇಲಂಚಿನ ಗುಂಟ ಬಿಡಿಸಿ, 3 ಇಂಚು ಮೇಲೆ ಕೂರಿಸಬೇಕು. ಇಲ್ಲಿ ತುಂಬ ಜನ ಎಡವುತ್ತಾರೆ. ಘೇರಿನ ಸ್ಕರ್ಟ್ ಮೇಲೆ ಹೋದಷ್ಟೂ ಸುತ್ತಳತೆ ಕಿರಿದಾಗುತ್ತದೆ. ಪೂರ್ತಿ ಸರ್ಕಲ್ ಸ್ಕರ್ಟ್ ಆದರೆ 3 ಇಂಚು ಮೇಲೇರಿದಾಗ ಸುಮಾರು 19 ಇಂಚು ಬಾರ್ಡರ್ ಹೆಚ್ಚಾಗುತ್ತದೆ, ಅರ್ಧ ಸರ್ಕಲ್ಲಿಗೆ ಒಂಬತ್ತೂವರೆ. ಹೆಚ್ಚಾದದ್ದನ್ನು ಒಂದೇ ಕಡೆ ಕತ್ತರಿಸದೆ, ನಾಲ್ಕಾರು ಕಡೆ ಹೂವಿನ ಅಂಚಿನಲ್ಲಿ ಕತ್ತರಿಸಿ ಒಂದರ ಮೇಲೊಂದು ಹೊದಿಸಿ ಹೊಲಿಯಿರಿ. ಬಾರ್ಡರ್ ನೆಟ್ಟಿಗೇ ನೇರವಾಗಿ ಮಣಿಯಲ್ಲಿ ಮಾಡಿದ್ದಾಗಿದ್ದರೆ ಅದನ್ನು ಎತ್ತಲಾಗದು. ಆಗ ಸೊಂಟದ ಜೋಡಣೆಯಿಂದ ಸ್ಕರ್ಟನ್ನು ಬಿಡಿಸಿ ಮೇಲಿನಿಂದ 3 ಇಂಚು ತೆಗೆಯಬೇಕು, ಅದೇ ಲೆಕ್ಕದಲ್ಲಿ ಈಗ ಸೊಂಟ ಅಗಲವಾಗುತ್ತದೆ, ಸ್ಕರ್ಟಿನ ಹೊಲಿಗೆಗಳಲ್ಲಿ ಅದನ್ನು ಹಿಡಿಯಬೇಕು. ಸೊಂಟದ ಜೋಡಣೆಯೇ ಇಲ್ಲದ, ಮಂಡಿಯವರೆಗೆ ಮೈಗಂಟಿ ಅಲ್ಲಿಂದ ಅರಳುವ ಗೌನ್ ಆದರೆ ಈ ದಾರಿಯೂ ಮುಚ್ಚಿದೆ. ಮೇಲಿನಿಂದ ಎತ್ತಿದರೆ ಅರಳುವ ಜಾಗ ಮಂಡಿಯಿಂದ ತೊಡೆಗೆ ಏರುತ್ತದೆ. ಅಂಥದ್ದಾದರೆ ಚಪ್ಪಲಿಯ ಹಿಮ್ಮಡಿ ಒಂದು ಇಂಚು ಎತ್ತರಿಸಿಕೊಳ್ಳಲು ಹೇಳಿ ಉಳಿದ 2 ಇಂಚಿಗೆ ದಾರಿ ಹುಡುಕುವುದು ಜಾಣತನ.

ಟ್ರೇಲ್ ಇದ್ದು ಅದನ್ನು ಎತ್ತಿ ಕಟ್ಟುವ ಗುಂಡಿ, ಕುಣಿಕೆ ಬೇಕೆಂದರೆ, ಮಣಿ ಗೌನಿಗೆ ಒಂದೇ ಗುಂಡಿ ಸಾಲದು. ಮೂರಾದರೂ ಇರಲಿ, ಪ್ರತಿ ಗುಂಡಿಯ ಹಿಂದೆ ಒಳಬದಿಯಲ್ಲಿ ಒಂದು ಚೂರು ಗಟ್ಟಿ ಬಟ್ಟೆ ಕೊಡಿ. ಬರೀ ನೆಟ್ ಆ ಭಾರಕ್ಕೆ ಹರಿಯುತ್ತದೆ.

ಇಸ್ತ್ರಿಪೆಟ್ಟಿಗೆಯನ್ನು ಹೊರಮೈಗೆ ತಗಲಿಸಬೇಡಿ. ಚಮಕಿ ಸುರುಟಿಕೊಳ್ಳುತ್ತದೆ, ಪ್ಲಾಸ್ಟಿಕ್ ಮುತ್ತಿನ ಮೇಲ್ಪದರ ಏಳುತ್ತದೆ. ದಪ್ಪ ಟವೆಲ್ ಹಾಸಿ, ಮಣಿಯ ಬದಿ ಕೆಳಗೆ ಮಾಡಿ, ಮಾರ್ಜಿನ್ನಿನ ಮೇಲಷ್ಟೇ ಕಡಿಮೆ ಬಿಸಿಯಲ್ಲಿ ಒತ್ತಿ, ಬಹಳ ಕಡೆ ಉಗುರಿನಿಂದ ತೀಡಿದರೂ ಸಾಕು. ಕೆಲಸ ನಡೆಯುವಷ್ಟು ದಿನವೂ ಗೌನನ್ನು ಹ್ಯಾಂಗರಿಗೆ ತೂಗುಹಾಕದೆ ಮಲಗಿಸಿಡಿ. ತೂಗುಹಾಕಿದರೆ ಮಣಿಯ ಭಾರಕ್ಕೆ ಭುಜವೂ ನೆಟ್ಟೂ ಎಳೆದುಕೊಂಡು ನಿಮ್ಮ ಅಳತೆಯೇ ತಪ್ಪುತ್ತದೆ.

ಮುಂದೆ ಇಂಥ ಕೆಲಸ ಇನ್ನೂ ಬರುತ್ತವೆ, ಆದ್ದರಿಂದ ಯಾವುದಕ್ಕೆ ಬೇಡ ಅನ್ನಬೇಕು ಎಂಬುದನ್ನೂ ಹೇಳುತ್ತೇನೆ. ಮೈತುಂಬ ಮಣಿಯಿರುವ ಗೌನನ್ನು ಸಡಿಲ ಮಾಡಿಕೊಡಿ ಅಂದರೆ ಮೊದಲು ಮಾರ್ಜಿನ್ ನೋಡಿ. ಬಟ್ಟೆ ಬಿಟ್ಟಿದ್ದರೂ ಅಲ್ಲಿ ಮಣಿ ಇರುವುದಿಲ್ಲ, ಬಿಚ್ಚಿದಷ್ಟೂ ಬರಿಯ ಪಟ್ಟಿ ಹೊರಬರುತ್ತದೆ, ಅದಕ್ಕೆ ಹೊಂದುವ ಮಣಿ ಸಿಗುವುದು ಕಷ್ಟ. ಅಲ್ಲಿ ಜಿಪ್ ತೆಗೆದು ಹಿಂಬದಿಗೆ ಲೇಸ್ ಕಟ್ಟುವ ಕುಣಿಕೆಗಳನ್ನು ಕೊಡುವುದೇ ವಾಸಿ. ಎರಡು ಸೈಜಿಗಿಂತ ಹೆಚ್ಚು ಚಿಕ್ಕದು ಮಾಡುವುದೆಂದರೆ ಗೌನನ್ನು ಬಿಚ್ಚಿ ಹೊಸದಾಗಿ ಕತ್ತರಿಸಿದಂತೆಯೇ. ಅಜ್ಜಿಯ ಕಾಲದ ಹಳೆಯ ಗೌನ್ ತಂದರೆ ವಿಶೇಷ ಎಚ್ಚರ ಬೇಕು. 1920, 30ರ ದಶಕಗಳಲ್ಲಿ ಚಮಕಿಗಳನ್ನು ಜೆಲಟಿನ್‌ನಿಂದ ಮಾಡುತ್ತಿದ್ದರು, ಅವು ನೀರಿಗೆ, ಬಿಸಿಗೆ ಕರಗಿ ಅಂಟಾಗುತ್ತವೆ. ಮಾರ್ಜಿನ್ನಿನಿಂದ ಒಂದು ಚಮಕಿ ತೆಗೆದು ಬೆಚ್ಚಗಿನ ನೀರಿಗೆ ಹಾಕಿದರೆ ತಿಳಿಯುತ್ತದೆ. ಮೆತ್ತಗಾದರೆ ಆ ಗೌನಿಗೆ ಹಬೆಯನ್ನೂ ತೋರಿಸಬೇಡಿ.

ಕೂಲಿ ಎಷ್ಟು ಹೇಳಬೇಕೆಂದು ನೀವು ಕೇಳಿಲ್ಲ, ಆದರೆ ಆ ತೊಡಕು ನಿಮಗೆ ಎದುರಾಗೇ ಆಗುತ್ತದೆ. ಮಷಿನ್ ಹೊಲಿಗೆ ಹತ್ತು ನಿಮಿಷದ್ದು, ಉಳಿದದ್ದೆಲ್ಲ ಮಣಿಯ ಕೆಲಸ. ಕಂಕುಳಿನ ಕೆಳಗೆ, ಯಾರಿಗೂ ಕಾಣದ ಜಾಗದಲ್ಲಿ 2 ಇಂಚು ಉದ್ದಕ್ಕೆ ಕಟ್ಟಿ, ಬಿಡಿಸಿ, ಗಂಟು ಹಾಕಿ ನೋಡಿ. ಗಡಿಯಾರ ಎದುರಿಗಿಟ್ಟುಕೊಳ್ಳಿ. ಆ 2 ಇಂಚಿಗೆ ಹಿಡಿದ ಹೊತ್ತನ್ನು ಎರಡೂ ಪಕ್ಕದ ಉದ್ದಕ್ಕೆ ಗುಣಿಸಿ, ತುಂಬುವುದಕ್ಕೆ ಮತ್ತೆ ಅಷ್ಟೇ ಹೊತ್ತು ಸೇರಿಸಿ, ಅಂಚಿನ ಕೆಲಸವನ್ನು ಬೇರೆಯಾಗಿ ಲೆಕ್ಕ ಹಾಕಿ. ಆ ಗಂಟೆಗಳನ್ನು ಹುಡುಗಿಯ ಮುಂದಿಟ್ಟು, ಅವಳು ಒಪ್ಪಿದ ಮೇಲೆ ಎರಡನೆಯ ಸಾಲಿಗೆ ಇಕ್ಕಳ ಹಾಕಿ.